ಅವ್ವನ ಮರದ ಹುಳ

ದಸರಾ ರಜೆಗೆ ಹಡಗಲಿಗೆ ಹೋದ ದಿನ ಅಪ್ಪ ತನ್ನ ಹಳೆಯ ಕನ್ನಡಕದ ಡಬ್ಬಿ ತಂದು ನನ್ನ ಮುಂದಿಟ್ಟ. ಒಳಗೆ ಅರಳೆಯ ಮೇಲೆ ಒಂದು ಸತ್ತ ಜೀರುಂಡೆ. ಹೆಬ್ಬೆರಳಿಗಿಂತ ಸ್ವಲ್ಪ ಕಿರಿದು, ಬೂದು ಬಣ್ಣ. ಮೈಗಿಂತ ಉದ್ದದ ಎರಡು ಮೀಸೆಗಳು ಹಿಂದಕ್ಕೆ ಬಾಗಿದ್ದವು.

‘ಜೂನ್ ತಿಂಗಳದಾಗ ಮೊದಲ ಮಳಿ ಆದ ಮ್ಯಾಲೆ ಮಾವಿನ ಮರದ ಮ್ಯಾಲೆ ಕುಂತಿತ್ತು. ಹಿಡಿದರೆ ಕಿರ್ ಕಿರ್ ಅಂತಿತ್ತು ನೋಡು. ಏನಿದು?’

ಹಿತ್ತಲಲ್ಲಿರುವ ಆ ಮಾವಿನ ಮರವನ್ನು ನೆಟ್ಟವಳು ಅವ್ವ. ಅವಳು ಹೋದ ಮೇಲೆ ಅದಕ್ಕೆ ನೀರು ಹಾಕುವುದು, ಬುಡ ಗುಡಿಸುವುದು ಅಪ್ಪನ ದಿನಚರಿ. ಹಿಂದಿನ ದೀಪಾವಳಿಯ ಹೊತ್ತಿಗೆ ಅಪ್ಪ ಫೋನಿನಲ್ಲಿ, ‘ಮರದ ಬುಡಕ್ಕ ದಿನಾ ಕಟ್ಟಿಗಿ ಪುಡಿ ಬೀಳಾಕತ್ತೈತಿ’ ಅಂದಿದ್ದ. ಗೆದ್ದಲಿರಬೇಕು, ಬುಡಕ್ಕೆ ಔಷಧಿ ಸುರಿ ಅಂತ ನಾನು ಇಲ್ಲಿಂದಲೇ ಹೇಳಿದ್ದೆ. ಅಪ್ಪ ಸುರಿದ. ಬೇಸಿಗೆಗೆ ಒಂದು ದೊಡ್ಡ ಕೊಂಬೆ ಒಣಗಿತು. ಗೆದ್ದಲು ಇದ್ದ ಗುರುತೇ ಇರಲಿಲ್ಲ.

ಅಂದು ರಾತ್ರಿ ಹುಳದ ಹೆಸರು ಹುಡುಕುತ್ತ ಕುಳಿತೆ. ಉದ್ದ ಮೀಸೆಯ ಜೀರುಂಡೆಗಳ ಕುಟುಂಬಕ್ಕೆ ಸೆರಾಂಬಿಸಿಡೆ ಎಂದು ಹೆಸರು. ಜಗತ್ತಿನಲ್ಲಿ ಸುಮಾರು 35 ಸಾವಿರ ಪ್ರಭೇದಗಳಿವೆ. ಗ್ರೀಕರ ಕತೆಯೊಂದರಲ್ಲಿ ಕೆರಾಂಬಸ್ ಎಂಬ ಕುರಿ ಕಾಯುವವನಿದ್ದಾನೆ, ಒಳ್ಳೆಯ ಹಾಡುಗಾರ. ವನದೇವತೆಗಳನ್ನು ಹೀಯಾಳಿಸಿದ್ದಕ್ಕೆ ಅವರು ಅವನನ್ನು ಕಟ್ಟಿಗೆ ತಿನ್ನುವ ಹುಳವಾಗಿಸಿದರು. ಹೆಸರು ಅವನಿಂದ ಬಂದದ್ದಂತೆ. ಇದನ್ನು ಅಪ್ಪನಿಗೆ ಹೇಳಿದೆ. ಮೈಲಾರದ ಗೊರವರನ್ನು ಹುಟ್ಟಿದಾಗಿನಿಂದ ನೋಡಿದ ಅಪ್ಪ, ‘ಕುರಿ ಕಾಯ್ತಿದ್ದ, ಹಾಡ್ತಿದ್ದ. ಹಂಗಾರ ನಮ್ಮ ಕಡೆಯವನ ಆದ’ ಅಂದ.

ಭಾರತದ ಈ ಕೀಟಗಳ ಬಗ್ಗೆ ಗಹಾನ್ ಎಂಬಾತ 1906ರಲ್ಲಿ ಬರೆದ ದೊಡ್ಡ ಸಂಪುಟವೊಂದಿದೆ, ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲಿಕೆಯದು. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕ ಅದರಲ್ಲಿದೆ. ನನ್ನ ಹುಳ ಇಲ್ಲ. ಪುಟ ತಿರುಗಿಸಿ ತಿರುಗಿಸಿ ಸುಸ್ತಾದ ಮೇಲೆ ಕಾರಣ ತಿಳಿಯಿತು. ಈ ಕುಟುಂಬದಲ್ಲಿ ಲಾಮಿಯಿನೆ ಎಂಬ ಉಪಕುಟುಂಬವಿದೆ. ಆ ಜೀರುಂಡೆಗಳ ಮುಖ ಮುಂದಕ್ಕೆ ಚಾಚಿರುವುದಿಲ್ಲ, ಗೋಡೆಯ ಹಾಗೆ ನೆಟ್ಟಗೆ ಕೆಳಗಿಳಿದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಉಪಕುಟುಂಬ ಇದೇ. ಗಹಾನನ ಸಂಪುಟ ಇದನ್ನು ಬಿಟ್ಟು ಉಳಿದವನ್ನು ಮುಗಿಸಿ ನಿಂತಿದೆ. ಡಬ್ಬಿ ತೆರೆದು ಹುಳದ ಮುಖ ನೋಡಿದೆ. ನೆಟ್ಟಗೆ, ಗೋಡೆ.

ಹಾಗೆ ಹುಡುಕಾಟ ಬಾಟೊಸೆರಾ ಎಂಬ ಕುಲಕ್ಕೆ ಬಂದು ನಿಂತಿತು. ಅಲ್ಲಿ ಇಬ್ಬರು ಎದುರಾದರು. ಒಂದು ಬಾಟೊಸೆರಾ ರೂಬಸ್, 1758ರಲ್ಲಿ ಲಿನೇಯಸ್ ಹೆಸರಿಟ್ಟದ್ದು. ಇನ್ನೊಂದು ಬಾಟೊಸೆರಾ ರೂಫೊಮ್ಯಾಕ್ಯುಲೇಟಾ, 1775ರಲ್ಲಿ ಸ್ವೀಡನ್ನಿನ ದೆ ಗೇರ್ ಹೆಸರಿಟ್ಟದ್ದು. ಹೆಸರಿನ ಅರ್ಥ ‘ಕೆಂಪು ಚುಕ್ಕೆಯದು’. ಎರಡೂ ನಮ್ಮ ದೇಶದಲ್ಲಿವೆ, ಎರಡೂ ಮಾವಿಗೆ ಬರುತ್ತವೆ. ಆದ್ದರಿಂದ ಮರ ನೋಡಿ ಹುಳ ಹೇಳುವ ಹಾಗಿಲ್ಲ. ನನ್ನ ಡಬ್ಬಿಯ ಹುಳದ ರೆಕ್ಕೆಗವಚದ ಮೇಲಿನ ಚುಕ್ಕೆಗಳು ಮಾಸಲು ಬಿಳಿ. ಕೆಂಪಿಲ್ಲ, ಹಾಗಾದರೆ ರೂಬಸ್ ಎಂದು ತೀರ್ಮಾನಿಸಿ, ಕೀಟಶಾಸ್ತ್ರ ಓದಿದ ಗೆಳೆಯನಿಗೆ ಫೋಟೊ ಕಳಿಸಿದೆ.

‘ಸತ್ತ ಹುಳದ ಬಣ್ಣ ನಂಬಬೇಡ. ಈ ಕುಲದಲ್ಲಿ ಬದುಕಿದ್ದಾಗಿನ ಬಣ್ಣ ಮಾಸುತ್ತೆ. ಚುಕ್ಕೆ ಎಷ್ಟಿವೆ, ಎಷ್ಟು ದೊಡ್ಡವು, ಭುಜದ ಹತ್ತಿರದ ಕರಿ ಹರಳು ಎಲ್ಲಿವರೆಗೆ ಇವೆ, ಹತ್ತಿರದಿಂದ ತೆಗೆದು ಕಳಿಸು. ಅದಕ್ಕೂ ಮೊದಲು, ಹಿಡಿದವರನ್ನ ಕೇಳು’ ಅಂದ.

ಅಪ್ಪನನ್ನು ಕೇಳಿದೆ. ‘ಕೆಂಪಗಿದ್ದುವಲ್ಲ! ಕಾವಿ ಬಣ್ಣದಂಗ. ಡಬ್ಬ್ಯಾಗ ಇಟ್ಟ ಮ್ಯಾಲೆ ಬೆಳ್ಳಗಾದುವು. ನೀ ಕೇಳಲೇ ಇಲ್ಲ.’

ರೂಬಸ್‌ನಲ್ಲಿ ಚುಕ್ಕೆಗಳು ಕೆಲವೇ, ದೊಡ್ಡವು. ನಮ್ಮದರಲ್ಲಿ ಸಣ್ಣ ಸಣ್ಣವು. ಫೋಟೊಗಳನ್ನೂ ಅಪ್ಪನ ಮಾತನ್ನೂ ಕೂಡಿಸಿ ಗೆಳೆಯ ರೂಫೊಮ್ಯಾಕ್ಯುಲೇಟಾ ಎಂದ. ಎರಡೂವರೆ ಶತಮಾನದ ಹಿಂದೆ ದೆ ಗೇರ್ ಅದನ್ನು ಸೆರಾಂಬಿಕ್ಸ್ ಎಂಬ ಕುಲದಲ್ಲಿ ಇಟ್ಟಿದ್ದ. ಆಮೇಲಿನವರು ಬಾಟೊಸೆರಾಕ್ಕೆ ದಾಟಿಸಿದರು. ಹಾಗೆ ಮನೆ ಬದಲಾಯಿಸಿದ ಪ್ರಾಣಿಯ ಹೆಸರಿನ ಮುಂದೆ ಮೊದಲು ಹೆಸರಿಟ್ಟವನನ್ನು ಆವರಣದೊಳಗೆ ಬರೆಯುವುದು ರೂಢಿ. ಕುಲ ಬದಲಾದರೂ ಆ ಕೆಂಪು ಚುಕ್ಕೆ ಉಳಿದುಕೊಂಡಿದೆ.

‘ಹೆಸರು ಗೊತ್ತಾತು. ಮರ ಉಳೀತೈತೇನು?’ ಅಪ್ಪ ಕೇಳಿದ.

ಹೆಸರಿನ ಬೆನ್ನಿಗೆ ಆ ಹುಳದ ಬದುಕಿನ ಕತೆಯೂ ಸಿಕ್ಕಿತ್ತು. ಹೆಣ್ಣು ತೊಗಟೆಯಲ್ಲಿ ಸೀಳು ಮಾಡಿ ಒಂದೊಂದೇ ಮೊಟ್ಟೆ ಇಡುತ್ತದೆ. ಕಾಲಿಲ್ಲದ ಬೆಳ್ಳನೆಯ ಮರಿಹುಳ ಕಾಂಡದೊಳಗೆ ಸುರಂಗ ಕೊರೆಯುತ್ತ ತಿಂಗಳುಗಟ್ಟಲೆ ಇರುತ್ತದೆ. ಅಲ್ಲೇ ಕೋಶವಾಗಿ, ಮುಂಗಾರಿಗೆ ಜೀರುಂಡೆಯಾಗಿ ಹೊರಬರುತ್ತದೆ. ಅಂದರೆ ಅಪ್ಪ ಜೂನಿನಲ್ಲಿ ಹಿಡಿದದ್ದು ಹಾನಿ ಮಾಡಿ ಮುಗಿಸಿದ ಹುಳವನ್ನು. ದೀಪಾವಳಿಯಲ್ಲಿ ಬಿದ್ದ ಪುಡಿಯೇ ಮರಿಹುಳ ಒಳಗೆ ತಿನ್ನುತ್ತಿದ್ದುದರ ಗುರುತು. ನಾನು ಸುರಿಸಿದ ಔಷಧಿ ಮಣ್ಣಿಗೆ ಹೋಯಿತು, ಹುಳ ಆಳೆತ್ತರದಲ್ಲಿ ಕಾಂಡದೊಳಗಿತ್ತು. ಇದನ್ನು ಅಪ್ಪನಿಗೆ ಹೇಳುವಾಗ ನನ್ನ ದನಿ ತಗ್ಗಿತು. ಅಪ್ಪ ಏನೂ ಅನ್ನಲಿಲ್ಲ. ‘ಈಗೂ ಬೀಳಾಕತ್ತೈತಿ, ಬಾ’ ಅಂತ ಹಿತ್ತಲಿಗೆ ನಡೆದ.

ಅಂದು ಬುಡ ಗುಡಿಸಿರಲಿಲ್ಲ. ಪುಡಿ ಬಿದ್ದ ಜಾಗದಿಂದ ಮೇಲಕ್ಕೆ ನೋಡುತ್ತ ಹೋದರೆ ಅಂಟು ಸೋರಿ ಕರಿಗಟ್ಟಿದ ಎರಡು ತೂತು ಕಂಡವು. ಸೈಕಲ್ ಬ್ರೇಕಿನ ತಂತಿ ತೂರಿಸಿ ತಿರುವಿದೆವು. ಒಂದರಿಂದ ಬೆರಳಿನಷ್ಟು ದಪ್ಪದ ಹುಳ ತುಂಡಾಗಿ ಬಂತು. ಇನ್ನೊಂದು ಸಿಗಲಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ಅರಳೆ ತುರುಕಿ, ಮೇಲೆ ಹಸಿ ಮಣ್ಣು ಮೆತ್ತಿದೆವು. ಒಣಗಿದ ಕೊಂಬೆ ಕಡಿಸಿ ಸೀಳಿಸಿದಾಗ, ಒಳಗೆ ಗೇಣುದ್ದದ ಸುರಂಗದ ತುಂಬ ಅಪ್ಪ ಹೇಳಿದ್ದ ಅದೇ ಪುಡಿ ಗಟ್ಟಿಯಾಗಿ ತುಂಬಿತ್ತು.

ಎರಡು ವಾರ ಪುಡಿ ಬೀಳಲಿಲ್ಲ ಅಂತ ಅಪ್ಪ ಫೋನ್ ಮಾಡಿದ. ಮರ ಉಳಿಯಿತು ಎನ್ನಲು ಇನ್ನೊಂದು ಮುಂಗಾರು ಕಾಯಬೇಕು.

ಊರಿನಿಂದ ಹೊರಡುವ ಮುನ್ನ ಆ ಡಬ್ಬಿಗೆ ಒಂದು ಚೀಟಿ ಬರೆದಿದ್ದೆ. ಪ್ರಭೇದದ ಹೆಸರನ್ನು ನಾಳೆ ಯಾರಾದರೂ ತಿದ್ದಬಹುದು, ಆದರೆ ಎಲ್ಲಿ, ಯಾವಾಗ, ಯಾವ ಮರದ ಮೇಲೆ, ಯಾರು ಹಿಡಿದರು ಎಂಬುದು ಇಲ್ಲದಿದ್ದರೆ ಹುಳ ಕೆಲಸಕ್ಕೆ ಬರುವುದಿಲ್ಲ ಅಂತ ಗೆಳೆಯ ಹೇಳಿದ್ದ. ಹೂವಿನಹಡಗಲಿ, ಮಾವು, ಜೂನ್, ಅಪ್ಪನ ಹೆಸರು ಬರೆದೆ. ಅಪ್ಪ ಕನ್ನಡಕ ಏರಿಸಿ ಓದಿದ.

‘ಪುಡಿ ಬಿದ್ದದ್ದು ದೀಪಾವಳಿಗೆ. ಅದನ್ನೂ ಬರಿ.’

ಚೀಟಿಯಲ್ಲಿ ಜಾಗವಿರಲಿಲ್ಲ. ಹಿಂದೆ ತಿರುಗಿಸಿ ಬರೆದೆ.