ಬೈಲುಕುಪ್ಪೆಯೂ ಹಿಮಾಲಯದ ಗಡಿಯೂ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಸ್ವರ್ಣಮಂದಿರವನ್ನು ನೋಡಲು ಹೋಗುವವರು ಅನೇಕರು. ಹಿಮಾಲಯದ ಆಚೆಯ ಜನ ನಮ್ಮ ಹೊಗೆಸೊಪ್ಪಿನ ಸೀಮೆಗೆ ಏಕೆ ಬಂದರೆಂದು ವಿಚಾರಿಸುವವರು ವಿರಳ. ಭಾರತ-ಚೀನಾ ಗಡಿವಿವಾದದ ಮೂಲವೂ ಆ ಪ್ರಶ್ನೆಯೊಡನೆ ಹೆಣೆದುಕೊಂಡಿದೆ.

1913ರಲ್ಲಿ ಬ್ರಿಟಿಷ್ ಭಾರತ, ಟಿಬೆಟ್ ಮತ್ತು ಚೀನಾಗಳ ಪ್ರತಿನಿಧಿಗಳು ಸಿಮ್ಲಾದಲ್ಲಿ ಸಭೆ ಸೇರಿದರು. 1914ರ ಮಾರ್ಚ್‌ನಲ್ಲಿ ಹೆನ್ರಿ ಮೆಕ್‌ಮಹೋನ್ ಹಾಗೂ ಟಿಬೆಟ್ಟಿನ ಲೋಂಚೆನ್ ಶಾತ್ರಾ ಅವರು ಪತ್ರವಿನಿಮಯದ ಮೂಲಕ ಪೂರ್ವದ ಗಡಿಯನ್ನು ಒಪ್ಪಿಕೊಂಡರು. ಅದೇ ಮೆಕ್‌ಮಹೋನ್ ರೇಖೆ. ಸಿಮ್ಲಾ ಒಪ್ಪಂದವನ್ನು ಚೀನಾ ಸರ್ಕಾರ ತಿರಸ್ಕರಿಸಿತು. ಟಿಬೆಟ್ಟಿಗೆ ಸಹಿ ಹಾಕುವ ಅಧಿಕಾರವೇ ಇಲ್ಲವೆಂಬುದು ಅದರ ವಾದ. ಪಶ್ಚಿಮದ ಕಥೆ ಇನ್ನೂ ತೊಡಕಿನದು. 1865ರ ಜಾನ್ಸನ್ ರೇಖೆಯು ಅಕ್ಸಾಯ್ ಚಿನ್ ಪ್ರದೇಶವನ್ನು ಕಾಶ್ಮೀರಕ್ಕೆ ಸೇರಿಸಿದರೆ, 1899ರಲ್ಲಿ ಬ್ರಿಟಿಷರೇ ಮುಂದಿಟ್ಟ ಮತ್ತೊಂದು ಪ್ರಸ್ತಾವವು ಅದರ ಬಹುಭಾಗವನ್ನು ಚೀನಾಕ್ಕೆ ಬಿಟ್ಟಿತು. ಚೀನಾ ಅದಕ್ಕೆ ಉತ್ತರಿಸಲೇ ಇಲ್ಲ.

1950ರಲ್ಲಿ ಚೀನೀ ಸೇನೆ ಟಿಬೆಟ್ಟನ್ನು ಪ್ರವೇಶಿಸಿತು. 1954ರ ಒಪ್ಪಂದದಲ್ಲಿ ಭಾರತವು ಟಿಬೆಟ್ಟನ್ನು ಚೀನಾದ ಭಾಗವೆಂದು ಒಪ್ಪಿತು. ಆದರೆ ಗಡಿಯ ಇತ್ಯರ್ಥ ಅಲ್ಲಿ ಆಗಲಿಲ್ಲ. 1957ರ ವೇಳೆಗೆ ಚೀನಾ ಅಕ್ಸಾಯ್ ಚಿನ್ ಮೂಲಕ ರಸ್ತೆಯನ್ನೇ ನಿರ್ಮಿಸಿತ್ತು. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ತವಾಂಗ್ ಮಾರ್ಗವಾಗಿ ಭಾರತಕ್ಕೆ ಬಂದರು. 1962ರಲ್ಲಿ ಯುದ್ಧವೇ ನಡೆಯಿತು.

ಅವರ ಹಿಂದೆಯೇ ಬಂದ ಸಹಸ್ರಾರು ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರವು ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿ ನೀಡಿತು. ಶೀತಲ ಪ್ರಸ್ಥಭೂಮಿಯ ಜನ ಇಲ್ಲಿ ಕಾಡು ಕಡಿದು, ಆನೆಗಳ ಹಾವಳಿ ಸಹಿಸಿ, ಮುಸುಕಿನ ಜೋಳ ಬೆಳೆದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಶಿಬಿರ ಸ್ಥಾಪನೆಯಾಯಿತು.

ಸಮಾಜ ವಿಜ್ಞಾನದ ತರಗತಿಯಲ್ಲಿ ಭೂಪಟ ತೂಗುಹಾಕಿದಾಗಲೆಲ್ಲ ಮಕ್ಕಳು, "ಯಾರದು ಸರಿ ಸಾರ್?" ಎನ್ನುತ್ತಿದ್ದರು. ಭಾರತದ ಪಕ್ಷ ಬಲವಾದುದೆಂದೇ ನನ್ನ ನಂಬಿಕೆ. ಆದರೆ ಅದರೊಳಗಿನ ವಿಪರ್ಯಾಸವನ್ನೂ ಮರೆಯಲಾಗದು. ಪೂರ್ವದಲ್ಲಿ ನಮ್ಮ ಹಕ್ಕು ನಿಂತಿರುವುದು ಟಿಬೆಟ್ ಹಾಕಿದ ಸಹಿಯ ಮೇಲೆ. ಆ ಸಹಿಗೆ ಬೆಲೆಯಿದೆಯೆನ್ನಬೇಕಾದರೆ ಅಂದಿನ ಟಿಬೆಟ್ಟಿಗೆ ಸ್ವಂತ ಅಧಿಕಾರವಿತ್ತೆಂದು ಹೇಳಬೇಕು. ನಾವಾದರೋ 1954ರಲ್ಲಿಯೂ, ಮತ್ತೆ 2003ರಲ್ಲಿಯೂ ಟಿಬೆಟ್ ಚೀನಾದ್ದೆಂದು ಬರೆದುಕೊಟ್ಟೆವು.

2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. 2024ರ ಅಕ್ಟೋಬರ್‌ನಲ್ಲಿ ಗಸ್ತಿನ ಬಗ್ಗೆ ಒಡಂಬಡಿಕೆಯಾಯಿತು. ಗಡಿ ಮಾತ್ರ ನಿರ್ಣಯವಾಗಿಲ್ಲ. ಮಾತುಕತೆಯ ಮೇಜಿನ ಎರಡೂ ಬದಿಯಲ್ಲಿ ಅಧಿಕಾರಿಗಳು ಕೂರುತ್ತಾರೆ. 1914ರಲ್ಲಿ ಮೂರನೆಯ ಕುರ್ಚಿಯಲ್ಲಿ ಕುಳಿತಿದ್ದವರ ಮೊಮ್ಮಕ್ಕಳು ನಮ್ಮ ನೆರೆಯಲ್ಲಿ ಜೋಳ ಬಿತ್ತುತ್ತಿದ್ದಾರೆ, ಅವರನ್ನು ಕರೆಯುವವರಿಲ್ಲ.