ಗೂಬೆಯ ಮೇಲಿನ ಅಪವಾದ

ನಾವು ಕಲಿತ ಎರಡು ಭಾಷೆಗಳೂ ಗೂಬೆಗೆ ನ್ಯಾಯ ಮಾಡಿಲ್ಲ. ಉರ್ದುವಿನಲ್ಲಿ ದಡ್ಡನೆಂದರೆ ‘ಉಲ್ಲೂ’. ಊರು ಪಾಳುಬಿದ್ದರೆ ಅಲ್ಲಿ ಉಲ್ಲೂ ಕೂಗುತ್ತಿದೆ ಎನ್ನುವುದು ರೂಢಿ. ಕನ್ನಡದಲ್ಲಿ ತಪ್ಪು ಯಾರದೋ, ಗೂಬೆ ಕೂರಿಸುವುದು ಇನ್ಯಾರದೋ ತಲೆಯ ಮೇಲೆ. ನಮ್ಮ ಓಣಿಯಲ್ಲಿ ರಾತ್ರಿ ಗೂಬೆ ಕೂಗಿದರೆ ದಾದಿಮಾ ಮಾತು ನಿಲ್ಲಿಸುತ್ತಿದ್ದರು. ಬೆಳಗಾದರೆ ಯಾರಾದರೂ ಕಲ್ಲು ಹಿಡಿದು ಮರದ ಕೆಳಗೆ ನಿಂತಿರುತ್ತಿದ್ದರು.

ಆದರೆ ನಮ್ಮ ಮಕ್ಕಳಿಗೆ ಒಂದು ಗೂಬೆಯೆಂದರೆ ಪ್ರಾಣ. ಹ್ಯಾರಿ ಪಾಟರ್ ಸಿನಿಮಾದಲ್ಲಿ ಕಾಗದ ಹೊತ್ತು ತರುವ ಹಿಮಗೂಬೆ ಅದು. ಉತ್ತರ ಧ್ರುವದ ಸುತ್ತಲಿನ ಮರಗಳಿಲ್ಲದ ಬಯಲು ಅದರ ತವರು. ಗಂಡು ಹೆಚ್ಚುಕಡಿಮೆ ಹಾಲುಬಿಳುಪು, ಹೆಣ್ಣಿನ ಮೈಮೇಲೆ ಕಪ್ಪು-ಕಂದು ಪಟ್ಟೆ. ಕಣ್ಣು ಹಳದಿ, ಚಳಿ ತಡೆಯಲು ಕಾಲ್ಬೆರಳವರೆಗೂ ಪುಕ್ಕ. ಅಲ್ಲಿ ಬೇಸಿಗೆಯಲ್ಲಿ ಕತ್ತಲಾಗದ ಕಾರಣ ಹಗಲಲ್ಲೂ ಬೇಟೆಯಾಡುತ್ತದೆ. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿ ಹೇರಳವಾದ ವರ್ಷ ಮೊಟ್ಟೆಯೂ ಹೆಚ್ಚು.

ಅದೇ ಕುಲದ ಕೊಂಬಿನ ಗೂಬೆ ನಮ್ಮ ನಾಡಿನದು. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಗುಡ್ಡ, ಯಾದಗಿರಿಯ ಕೋಟೆಯಂಥ ಕಲ್ಲಿನ ತಾಣಗಳೇ ಅದಕ್ಕೆ ಹೇಳಿಮಾಡಿಸಿದ ಮನೆ. ಬಂಡೆಯಲ್ಲಿ ಬೆರೆತುಹೋಗುವ ಕಂದು ಮೈ, ಕಿತ್ತಳೆ ಕಣ್ಣು, ತಲೆಯ ಮೇಲೆ ಕೊಂಬಿನಂತೆ ನಿಂತ ಎರಡು ಪುಕ್ಕದ ಜುಟ್ಟು. ಗೂಡು ಕಟ್ಟದೆ ಬಂಡೆಯ ಸಂದಿನ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ. ಬೋನಾಳ ಕೆರೆಯಲ್ಲಿ ಹಗಲೆಲ್ಲ ನೀರಹಕ್ಕಿ ನೋಡಿದವರು ಮನೆ ಸೇರುವ ಹೊತ್ತಿಗೆ ಈ ಹಕ್ಕಿಯ ದುಡಿಮೆ ಶುರು. ಇಲಿ, ಹೆಗ್ಗಣಗಳೇ ಇದರ ಮುಖ್ಯ ಆಹಾರ. ಕೃಷ್ಣೆಯ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ನಮ್ಮ ರೈತನಿಗೆ ಇಷ್ಟು ಅಗ್ಗದ ಕಾವಲುಗಾರ ಇನ್ನೆಲ್ಲಿ ಸಿಕ್ಕಾನು?

ಈ ಕಾವಲಿಗೆ ಸಿಗುವ ಕೂಲಿ ಕಲ್ಲೇಟು. ಅದಕ್ಕಿಂತ ಕೆಟ್ಟದ್ದು ಮಾಟ-ಮಂತ್ರಕ್ಕಾಗಿ ಹಿಡಿಯುವವರ ಬಲೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆಗಾಗಿ ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಸಿದ್ಧಪಡಿಸಿದ ವರದಿ 2010ರಲ್ಲಿ ಹೊರಬಂತು. ಭಾರತದ 30 ಜಾತಿಯ ಗೂಬೆಗಳಲ್ಲಿ 15 ಜಾತಿ ಮಾರಾಟದಲ್ಲಿ ಕಂಡುಬಂದಿದ್ದವು. ‘ಕೊಂಬು’ ಇರುವ ದೊಡ್ಡ ಗೂಬೆಗಳಿಗೇ ಹೆಚ್ಚು ಬೇಡಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಬೇಟೆ, ಮಾರಾಟಗಳನ್ನು ನಿಷೇಧಿಸಿದೆ. ಜನರ ಭಯ ಹೋಗದೆ ಕಾಯ್ದೆಯೊಂದೇ ಏನು ಮಾಡೀತು?

ಗೂಬೆ ಕೂಗಿದ್ದರಿಂದ ಯಾವ ಮನೆಯೂ ಹಾಳಾಗಿಲ್ಲ. ಮಳೆ ಕೈಕೊಟ್ಟು, ಸಾಲ ಏರಿ, ನಮ್ಮ ಜನ ಬೆಂಗಳೂರು, ಮುಂಬೈಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಗೋಡೆ ಕುಸಿಯುತ್ತದೆ. ಗೂಬೆ ಬರುವುದು ಅದಾದ ಮೇಲೆ. ಊರು ಬಿಡಿಸಿದ್ದನ್ನು ಕೇಳುವವರಿಲ್ಲ, ಅಪವಾದ ಮಾತ್ರ ಹಕ್ಕಿಗೆ. ಪರದೆಯ ಬಿಳಿ ಗೂಬೆಯನ್ನು ಮೆಚ್ಚುವ ಮಕ್ಕಳಿಗೆ ಗುಡ್ಡದ ಕಂದು ಗೂಬೆಯ ಪರಿಚಯವನ್ನೂ ಮಾಡಿಕೊಡೋಣ.