ಸೊನ್ನೆ ಕಮಿಷನ್

ಯೂರೋಪಿಗೆ ಹೊರಟವರಿಗೆ ನಮ್ಮಲ್ಲಿ ಬುದ್ಧಿಮಾತಿನ ಬರವಿಲ್ಲ. ಉಪ್ಪಿನಕಾಯಿ ಬಾಟಲಿಯನ್ನು ಹೇಗೆ ಸುತ್ತಬೇಕು, ಸ್ವೆಟರ್ ಎಷ್ಟು ಒಯ್ಯಬೇಕು ಎಂದು ಗಂಟೆಗಟ್ಟಲೆ ಹೇಳುವ ಹಿತೈಷಿಗಳು ದುಡ್ಡಿನ ವಿಷಯ ಬಂದಾಗ ಮಾತ್ರ, “ಅಲ್ಲೆಲ್ಲ ಯೂರೋ ಸಾರ್, ಒಂದೇ ದುಡ್ಡು, ಏನೂ ತೊಂದರೆಯಿಲ್ಲ” ಎಂದು ಮುಗಿಸಿಬಿಡುತ್ತಾರೆ. 2023ರ ಮೇ ತಿಂಗಳಲ್ಲಿ ಚುನಾವಣೆಯ ಕೆಲಸ ಮುಗಿಸಿ, ಜರ್ಮನಿಯ ಡ್ರೆಸ್ಡನ್ನಿನಲ್ಲಿ ಓದುತ್ತಿದ್ದ ಮಗಳನ್ನು ನೋಡಲು ನಾನೂ ನನ್ನಾಕೆಯೂ ಹೊರಟಾಗ ಈ ಮಾತನ್ನೇ ನಂಬಿ ಹೊರಟೆವು. ಎತ್ತಿದ ಚೀಟಿಯ ಹಣದಲ್ಲಿ ಒಂದು ಭಾಗ ಬ್ಯಾಂಕಿನವರು ಕೊಟ್ಟ ಫಾರೆಕ್ಸ್ ಕಾರ್ಡಿಗೆ ಹೋಯಿತು. ಉಳಿದದ್ದು ಐವತ್ತರ ಯೂರೋ ನೋಟುಗಳಾಗಿ ನನ್ನ ಒಳಜೇಬು ಸೇರಿತು.

ಆಗ ಒಂದು ಯೂರೋಗೆ ಸುಮಾರು 90 ರೂಪಾಯಿ. ಮೊದಲ ವಾರವೆಲ್ಲ ನಮ್ಮಿಬ್ಬರ ಬಾಯಲ್ಲಿ ತೊಂಬತ್ತರ ಮಗ್ಗಿ. ಮೂರು ಯೂರೋ ಕಾಫಿ ಎಂದರೆ 270 ರೂಪಾಯಿ. ನನ್ನಾಕೆ ಕಪ್ಪನ್ನು ಕೆಳಗಿಟ್ಟು, “ರೀ, ಇದರಲ್ಲಿ ಅರ್ಧ ಕೇಜಿ ಕಾಫಿಪುಡಿ ಬರುತ್ತಿತ್ತು” ಎಂದಳು. ಸ್ಟೇಷನ್ನಿನ ಶೌಚಾಲಯಕ್ಕೆ ಒಂದು ಯೂರೋ ನಾಣ್ಯ ಹಾಕಿದರೇ ಬಾಗಿಲು ತೆರೆಯುವುದು ಎಂದು ತಿಳಿದ ದಿನ ಅವಳು ಮಧ್ಯಾಹ್ನದವರೆಗೆ ನೀರೇ ಕುಡಿಯಲಿಲ್ಲ. ಕೊನೆಗೆ ಮಗಳು, “ಅಮ್ಮ, ಹೀಗೆ ಗುಣಿಸುತ್ತಾ ಕೂತರೆ ಇಲ್ಲಿ ಬದುಕಲಿಕ್ಕಾಗುವುದಿಲ್ಲ. ಒಂದು ಯೂರೋ ಅಂದರೆ ಒಂದು ಯೂರೋ ಅಷ್ಟೇ” ಎಂದು ಗದರಿದಳು. ಅವಳೂ ಮೊದಲ ವರ್ಷ ಹೀಗೆಯೇ ಗುಣಿಸಿ ಗುಣಿಸಿ ಒಪ್ಪೊತ್ತು ಉಂಡಿದ್ದಳೆಂಬುದು ನಮಗೆ ಆಮೇಲೆ ತಿಳಿಯಿತು.

ನಾಣ್ಯಗಳು ಮಾತ್ರ ನನಗೆ ಬಹಳ ಹಿಡಿಸಿದವು. ಒಂದು ಸೆಂಟಿನಿಂದ ಎರಡು ಯೂರೋವರೆಗೆ ಎಂಟು ಬಗೆ. ಒಂದು ಮುಖ ಎಲ್ಲ ದೇಶಗಳಿಗೂ ಸಮಾನ, ಇನ್ನೊಂದು ಮುಖದಲ್ಲಿ ಆಯಾ ದೇಶದ ಚಿತ್ರ. ಮಗಳ ಫ್ರಿಜ್ಜಿಗೆ ಅಂಟಿಸಿದ್ದ ಆಯಸ್ಕಾಂತವನ್ನು ಕಿತ್ತು ಪರೀಕ್ಷೆಗೆ ಕುಳಿತೆ. ಒಂದು, ಎರಡು, ಐದು ಸೆಂಟುಗಳು ಟಪ್ಪನೆ ಅಂಟಿಕೊಂಡವು. ಅವು ತಾಮ್ರದ ಲೇಪವಿರುವ ಉಕ್ಕು. ಹತ್ತು, ಇಪ್ಪತ್ತು, ಐವತ್ತು ಸೆಂಟುಗಳು ಅಲುಗಲಿಲ್ಲ; ಅವು ತಾಮ್ರ, ಅಲ್ಯುಮಿನಿಯಂ, ಸತು, ತವರ ಸೇರಿದ ಹಳದಿ ಮಿಶ್ರಲೋಹ. ಇಪ್ಪತ್ತರ ಅಂಚಿನಲ್ಲಿ ಏಳು ಕಚ್ಚುಗಳಿವೆ, ಕಣ್ಣು ಕಾಣದವರೂ ಬೆರಳಿನಿಂದಲೇ ಗುರುತಿಸಬಹುದು. ನಮ್ಮ ನೋಟಿನಲ್ಲಿ ಮೊತ್ತವನ್ನು ಕನ್ನಡದಲ್ಲೂ ಓದಬಹುದಷ್ಟೆ. ಅವರ ನೋಟಿನಲ್ಲಿ ಮೊತ್ತ ಬರೀ ಅಂಕಿಯಲ್ಲಿ. ಯಾವ ದೇಶಕ್ಕೂ ಬೇಸರವಾಗದಿರಲೆಂದು ಅದರ ಮೇಲಿನ ಸೇತುವೆ, ಕಿಟಕಿ, ಬಾಗಿಲುಗಳನ್ನೂ ಎಲ್ಲೂ ಇಲ್ಲದಂಥವನ್ನೇ ಕಲ್ಪಿಸಿ ಬರೆದಿದ್ದಾರೆ. ಕಾಗದದ ಮೇಲಿನ ಆ ಸೇತುವೆಗಳನ್ನು ಆಮೇಲೆ ನೆದರ್‌ಲ್ಯಾಂಡ್ಸಿನ ಸ್ಪೈಕನಿಸ್ಸೆ ಎಂಬ ಊರಿನವರು ನಿಜವಾಗಿಯೇ ಕಟ್ಟಿಕೊಂಡರಂತೆ!

ಡ್ರೆಸ್ಡನ್ನಿನಿಂದ ಪ್ರಾಗ್ ನಗರಕ್ಕೆ ರೈಲಿನಲ್ಲಿ ಎರಡೂವರೆ ಗಂಟೆಯ ಹಾದಿ. ಕೆಪ್ಲರ್ ತನ್ನ ಗ್ರಹಚಲನೆಯ ಮೊದಲೆರಡು ನಿಯಮಗಳನ್ನು ಕಂಡುಕೊಂಡ ಊರು ಅದು. ಮೂವತ್ತು ವರ್ಷದಿಂದ ಆ ನಿಯಮಗಳನ್ನು ಬೋರ್ಡಿನ ಮೇಲೆ ಬರೆಯುತ್ತಿರುವ ನನಗೆ ಅಷ್ಟು ಹತ್ತಿರ ಬಂದು ನೋಡದೆ ಹೋಗುವುದು ಸಾಧ್ಯವಿರಲಿಲ್ಲ. ಮಗಳಿಗೆ ಪರೀಕ್ಷೆ. ಚಪಾತಿ ಪಲ್ಯ ಕಟ್ಟಿಕೊಟ್ಟು, “ಅಪ್ಪ, ಅಲ್ಲಿ ಯೂರೋ ಅಲ್ಲ, ಕೊರೂನಾ. ಹೆಚ್ಚು ಬದಲಾಯಿಸಬೇಡಿ, ಕಾರ್ಡ್ ಬಳಸಿ” ಎಂದಳು. ಐರೋಪ್ಯ ಒಕ್ಕೂಟದಲ್ಲಿದ್ದ ಮೇಲೆ ಯೂರೋ ಇರಲೇಬೇಕೆಂದು ನಾನು ತಿಳಿದಿದ್ದೆ. ಚೆಕ್ ಗಣರಾಜ್ಯ 2004ರಲ್ಲೇ ಒಕ್ಕೂಟ ಸೇರಿದರೂ ತನ್ನ ಕೊರೂನಾ ಬಿಟ್ಟಿಲ್ಲ. ಪೋಲೆಂಡ್, ಹಂಗೇರಿ, ಸ್ವೀಡನ್, ಡೆನ್ಮಾರ್ಕುಗಳೂ ತಮ್ಮ ತಮ್ಮ ದುಡ್ಡನ್ನೇ ಇಟ್ಟುಕೊಂಡಿವೆ. ಸ್ವಿಟ್ಜರ್‌ಲ್ಯಾಂಡ್ ಒಕ್ಕೂಟದಲ್ಲೇ ಇಲ್ಲ, ಅಲ್ಲಿ ಫ್ರಾಂಕು. ಹಿತೈಷಿಗಳ ‘ಒಂದೇ ದುಡ್ಡು’ ಅಲ್ಲಿಗೆ ಕರಗಿತು.

ಕಾರ್ಡಿಗಿಂತ ಕೈಯಲ್ಲಿರುವ ನೋಟೇ ಮೇಲೆಂದು ನಂಬಿದ ತಲೆಮಾರು ನನ್ನದು. ಹಳೆಯ ಪೇಟೆಗೆ ಹೋಗುವ ಬೀದಿಯಲ್ಲಿ ಹಣ ಬದಲಾಯಿಸುವ ಅಂಗಡಿಯೊಂದು ಕಂಡಿತು. ಹೊರಗೆ ಆಳೆತ್ತರದ ಬೋರ್ಡು, ‘ಕಮಿಷನ್ 0%’. ಕಮಿಷನ್ನೇ ಇಲ್ಲವೆಂದ ಮೇಲೆ ಯೋಚಿಸುವುದೇನು? ಐವತ್ತರ ನಾಲ್ಕು ನೋಟು ಕಿಟಕಿಯೊಳಗೆ ತಳ್ಳಿದೆ. 3400 ಕೊರೂನಾ ಮತ್ತು ಒಂದು ರಸೀದಿ ಹೊರಬಂದವು. ಸಾವಿರ ಸಾವಿರದ ನೋಟು ನೋಡಿ ನಾನು ಸಿರಿವಂತನಾದೆ ಎನ್ನಿಸಿತು. ಗಡಿಯಾರ ಗೋಪುರದ ಕೆಳಗೆ ನಿಂತು 1410ರ ಆ ಯಂತ್ರ ಗಂಟೆ ಬಾರಿಸುವುದನ್ನು ನೋಡಿ, ಬೆಂಚಿನ ಮೇಲೆ ಕೂತು ಚಪಾತಿ ತಿಂದು, ಒಂದೂವರೆಯ ಹೊತ್ತಿಗೆ ವಸತಿಗೃಹ ತಲುಪಿದೆವು.

ಅಲ್ಲಿ ತಲೆಗೆ ದಿನಕ್ಕೆ 50 ಕೊರೂನಾ ನಗರ ತೆರಿಗೆ. ಇಬ್ಬರಿಗೆ ಎರಡು ದಿನಕ್ಕೆ 200. ನೋಟು ತೆಗೆಯುವಾಗ ರಸೀದಿಯೂ ಜೊತೆಗೇ ಬಂತು. ವಸತಿಗೃಹದ ಒಡತಿ, ನನ್ನ ವಯಸ್ಸಿನವರೇ, ಅದನ್ನು ನೋಡಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ನಿಮಗೆ ಯೂರೋಗೆ 17ರಂತೆ ಕೊಟ್ಟಿದ್ದಾರೆ. ಇವತ್ತು ನಾಲ್ಕು ಬೀದಿ ಆಚೆ 23.50 ಇದೆ” ಎಂದರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 4700 ಬರಬೇಕಾದಲ್ಲಿ 3400. ಕಳೆದದ್ದು 1300 ಕೊರೂನಾ, ಅಂದರೆ ನಮ್ಮ ದುಡ್ಡಿನಲ್ಲಿ ಸುಮಾರು ಐದು ಸಾವಿರ ರೂಪಾಯಿ. ಸೊನ್ನೆ ಎಂದು ಬರೆದವರು ನೂರಕ್ಕೆ 27ಕ್ಕಿಂತ ಹೆಚ್ಚು ಹೊಡೆದಿದ್ದರು. ಬೋರ್ಡು ಸುಳ್ಳು ಹೇಳಿರಲಿಲ್ಲ. ಕಮಿಷನ್ ನಿಜಕ್ಕೂ ಇರಲಿಲ್ಲ. ಅವರ ಲಾಭವೆಲ್ಲ ದರದೊಳಗೇ ಅಡಗಿತ್ತು, ಆ ದರ ಕಿಟಕಿಯ ಪಕ್ಕ ಸಣ್ಣ ಅಕ್ಷರದಲ್ಲಿತ್ತು. ಶೇಕಡಾವಾರು ಲೆಕ್ಕದಲ್ಲಿ ಎಡವಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟರು ಆ ವರಾಂಡದಲ್ಲಿ ತಾವೇ ನಿಂತಿದ್ದರು. ಹೋದದ್ದು ಹೋಯಿತು, ಮಗಳಿಗೆ ಮಾತ್ರ ಗೊತ್ತಾಗಬಾರದು ಎಂಬುದೇ ನನ್ನ ಮೊದಲ ಯೋಚನೆ. ನಾಚಿಕೆ ಐದು ಸಾವಿರಕ್ಕಿಂತ ದೊಡ್ಡದಾಗಿತ್ತು.

ಒಡತಿ ರಸೀದಿಯಲ್ಲಿದ್ದ ಸಮಯದ ಮೇಲೆ ಬೆರಳಿಟ್ಟರು: 11.40. ನಮ್ಮಂಥವರು ಮೋಸಹೋಗುವುದು ಹೆಚ್ಚಾಗಿ 2019ರ ಏಪ್ರಿಲ್‌ನಿಂದ ಅಲ್ಲೊಂದು ಕಾನೂನು ಬಂದಿದೆಯಂತೆ. ಸಾವಿರ ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಬಹುದು, ಕಾರಣ ಹೇಳಬೇಕಾಗಿಲ್ಲ. ಕೊಟ್ಟದ್ದನ್ನು ಹಿಂತಿರುಗಿಸಿದರೆ ಅವರು ನಮ್ಮದನ್ನು ಕೊಡಲೇಬೇಕು. 2.40ರೊಳಗೆ ಹೋಗಿ ಎಂದರು.

ನಾನು ಅನುಮಾನಿಸಿದೆ. ಪರದೇಶ, ಪರಭಾಷೆ, ಜಗಳವಾದರೆ? ಮೊಣಕಾಲು ನೋವಿನ ನನ್ನಾಕೆ ಆಗಲೇ ಚಪ್ಪಲಿ ಮೆಟ್ಟಿದ್ದಳು. “ನಡೀರಿ. ಸಂತೆಯಲ್ಲಿ ತೂಕ ಕಮ್ಮಿಯಾದರೆ ತಿರುಗಿ ಹೋಗಿ ಕೇಳುವುದಿಲ್ಲವೇ? ಇದೂ ಹಾಗೇ” ಎಂದಳು. ಆ ಕಲ್ಲುಹಾಸಿನ ಬೀದಿಯಲ್ಲಿ ಅವಳು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಭಾಷಣ ಹೊಂದಿಸಿಕೊಂಡೆ. ಅಂಗಡಿ ತಲುಪಿದಾಗ 2.20. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವಳು ನೋಟನ್ನೂ ರಸೀದಿಯನ್ನೂ ಕಿಟಕಿಯೊಳಗಿಟ್ಟು, “ಕ್ಯಾನ್ಸಲ್” ಎಂದಳು. ಒಳಗಿದ್ದ ಹುಡುಗ ಗಡಿಯಾರ ನೋಡಿದ, ನಮ್ಮ ಮುಖ ನೋಡಿದ, ಮಾತಾಡದೆ ಐವತ್ತರ ನಾಲ್ಕು ನೋಟು ಹೊರತಳ್ಳಿದ. ನನ್ನ ಭಾಷಣ ಹಾಗೇ ಉಳಿಯಿತು.

ನಾಲ್ಕು ಬೀದಿ ಆಚೆ 4700 ಸಿಕ್ಕಿತು. ಸಂಜೆ ಚಾರ್ಲ್ಸ್ ಸೇತುವೆಯ ಮೇಲೆ ನಿಂತು ಅದರಲ್ಲಿದ್ದ 200ರ ನೋಟನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅದರ ಮೇಲಿದ್ದವನು ರಾಜನಲ್ಲ, ಸೇನಾಪತಿಯಲ್ಲ. ಒಬ್ಬ ಮೇಷ್ಟ್ರು, ಯಾನ್ ಅಮೋಸ್ ಕೊಮೆನ್ಸ್ಕಿ. ಬಿ.ಎಡ್. ಓದುವಾಗ ಕೊಮೆನಿಯಸ್ ಎಂದು ಬಾಯಿಪಾಠ ಮಾಡಿದ್ದ ಅದೇ ಹೆಸರು. ಮಕ್ಕಳಿಗೆ ಚಿತ್ರ ತೋರಿಸಿ ಕಲಿಸಬೇಕೆಂದು 1658ರಲ್ಲೇ ಚಿತ್ರಪುಸ್ತಕ ಅಚ್ಚುಹಾಕಿಸಿದವನು. ನೋಟಿನ ಹಿಂಬದಿಯಲ್ಲಿ ದೊಡ್ಡವರ ಕೈಯೊಂದು, ಮಗುವಿನ ಕೈಯೊಂದು. ಆ ನೋಟನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ.

ಅಂದು ರಾತ್ರಿ ಫೋನಿನಲ್ಲಿ ನನ್ನಾಕೆ ಮಗಳಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಮಗಳು ನಕ್ಕು, ಇನ್ನೊಂದು ಪಾಠ ಸೇರಿಸಿದಳು. ಎ.ಟಿ.ಎಂ. ಕೆಲವೊಮ್ಮೆ “ನಿಮ್ಮ ದೇಶದ ದುಡ್ಡಿನಲ್ಲೇ ಲೆಕ್ಕ ಹಾಕಿಕೊಡಲೇ?” ಎಂದು ಬಹಳ ವಿನಯದಿಂದ ಕೇಳುತ್ತದೆ. ಅಂಗಡಿಯ ಕಾರ್ಡ್ ಯಂತ್ರವೂ ಕೇಳುತ್ತದೆ. ಒಪ್ಪಿದರೆ ಅವರು ಹೇಳಿದ್ದೇ ದರ, ಅದು ಸಾಮಾನ್ಯವಾಗಿ ದುಬಾರಿ. ಬೇಡವೆಂದು ಹೇಳಿ ಆಯಾ ಊರಿನ ದುಡ್ಡಿನಲ್ಲೇ ತೆಗೆಯಬೇಕು. ಯಂತ್ರವೂ ಬ್ಯಾಂಕಿನ ಗೋಡೆಯಲ್ಲಿದ್ದರೆ ಒಳ್ಳೆಯದು. ಬೀದಿಯಲ್ಲಿ ಯಾರಾದರೂ ಒಳ್ಳೆಯ ದರ ಕೊಡುತ್ತೇನೆಂದರೆ ನಿಲ್ಲಲೇ ಬಾರದು.

ಜೂನ್‌ನಲ್ಲಿ ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಈ ಲೆಕ್ಕ ಬರೆದೆ: ಒಬ್ಬ ಪ್ರವಾಸಿ 200 ಯೂರೋ ಕೊಟ್ಟು 3400 ಕೊರೂನಾ ಪಡೆದ, ಸರಿಯಾದ ದರದಲ್ಲಿ 4700 ಬರಬೇಕಿತ್ತು, ನಷ್ಟ ಶೇಕಡಾ ಎಷ್ಟು? ಕೊಮೆನ್ಸ್ಕಿಯ ನೋಟು ಬೆಂಚಿನಿಂದ ಬೆಂಚಿಗೆ ಓಡಾಡಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಆ ಪ್ರವಾಸಿ ನೀವೇನಾ?” ಎಂದಳು.

ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ಹೌದೆಂದೆ. ಇಡೀ ತರಗತಿ ನಕ್ಕಿತು. ನಗು ನಿಂತ ಮೇಲೆ ಮೊಣಕಾಲು ನೋವಿನ ಹೆಂಗಸೊಬ್ಬಳು ಮೂರು ಗಂಟೆಯೊಳಗೆ ಏನು ಮಾಡಿದಳೆಂಬುದನ್ನೂ ಹೇಳಿದೆ. ಆ ವರ್ಷ ಶೇಕಡಾವಾರು ಲೆಕ್ಕ ಅರ್ಥವಾಗಲಿಲ್ಲವೆಂದು ಎದ್ದುನಿಂತು ಕೇಳಿದ ಮಕ್ಕಳ ಸಂಖ್ಯೆ ಹಿಂದೆಂದಿಗಿಂತ ಹೆಚ್ಚು. ಬೆಂಚಿನ ಮೇಲೆ ನಿಲ್ಲಿಸುವುದನ್ನು ನಾನು ಬಿಟ್ಟೆ.